ಮೂರು ಪೊಟ್ಟಣ ಜೀರಿಗೆ

ಮಾರ್ಚ್ 3, ಸೋಮವಾರ

ಬೀಗಿತ್ತಿಯವರಿಗೆ,

ಇವತ್ತು ಬೆಳಗಿನ ಜಾವ ಒಂದು ಕೆಟ್ಟ ಕನಸು ಬಿತ್ತು. ಜೀರಿಗೆ ಹಸನು ಮಾಡುವ ನಮ್ಮ ಶೆಡ್ಡಿನಲ್ಲಿ ಕೂತು ಕೇರುತ್ತಿದ್ದೇನೆ. ಮೊರ ಎಂದಿಗಿಂತ ಭಾರ. ಬಗ್ಗಿ ನೋಡಿದರೆ ಜೀರಿಗೆಯ ನಡುವೆ ನಮ್ಮ ಕೂಸು ಮಲಗಿದೆ. ಕೈ ನಿಲ್ಲಿಸಬೇಕು ಅಂದುಕೊಳ್ಳುತ್ತೇನೆ, ಕೈ ನಿಲ್ಲುವುದಿಲ್ಲ. ಒಂದೊಂದು ಸಲ ಕೇರಿದಾಗಲೂ ಕೂಸು ಹಗುರವಾಗುತ್ತಾ ಹೊಟ್ಟಿನ ಜೊತೆ ಮೊರದ ಅಂಚಿಗೆ ಬರುತ್ತದೆ. ಆಗ ಜೀರಿಗೆಯ ವಾಸನೆ ಘಮ್ಮೆಂದು ಮೂಗಿಗೆ ಹೊಡೆಯಿತು ನೋಡಿ, ಎದ್ದು ಕೂತೆ. ಎದ್ದ ಮೇಲೆ ವಾಸನೆ ಇರಲಿಲ್ಲ. ಕನಸನ್ನು ಹೇಳಬಾರದು ಅನ್ನುತ್ತಾರೆ, ಹೇಳದಿದ್ದರೆ ನಿಜವಾಗುತ್ತದೆ ಅಂತಲೂ ಅನ್ನುತ್ತಾರೆ. ಯಾವುದು ಸರಿಯೋ ತಿಳಿಯದೆ ನಿಮಗೆ ಬರೆಯುತ್ತಿದ್ದೇನೆ.

ಫೋನು ಮಾಡುತ್ತಿದ್ದೆ. “ನೀವು ಅಂದದ್ದನ್ನ ಆಮೇಲೆ ಅಂದೇ ಇಲ್ಲ ಅಂತೀರಿ, ಏನಿದ್ರೂ ಬರೆದು ಕಳಿಸಿ” ಎಂದು ಹೋದ ವಾರ ನೀವೇ ಹೇಳಿ ಇಟ್ಟಿರಿ. ಬಾಣಂತಿ ಕಣ್ಣಿಗೆ ಆಗದು ಎಂದು ಮಗಳ ಫೋನನ್ನೂ ತೆಗೆದಿಟ್ಟಿದ್ದೀರಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಪತ್ರ ಬರೆಯುವುದು ಶಿಕ್ಷೆ ಎಂದು ಗೊತ್ತಿದ್ದೇ ಹೇಳಿದ್ದೀರಿ. ಇರಲಿ, ಬರೆಯುತ್ತೇನೆ.

ಹೆರಿಗೆಯಾಗಿ ಇವತ್ತಿಗೆ ಹನ್ನೆರಡು ದಿನ. ಎದೆಹಾಲು ಸಾಲುತ್ತಿಲ್ಲ ಎಂದು ಅಳಿಯಂದಿರು ಹೇಳಿದರು. ಅರ್ಧ ಕಿಲೋ ಜೀರಿಗೆ ಕಳಿಸುತ್ತಿದ್ದೇನೆ. ಒಂದು ಚಮಚ ಜೀರಿಗೆಗೆ ಒಂದು ಲೀಟರ್ ನೀರು, ಮುಕ್ಕಾಲು ಪಾಲು ಉಳಿಯುವವರೆಗೆ ಕುದಿಸಿ, ಉಗುರು ಬೆಚ್ಚಗಿರುವಾಗ ದಿನವಿಡೀ ಕುಡಿಸಿ. ಚೂರು ಬೆಲ್ಲ ಹಾಕಿದರೂ ಆದೀತು. ಹುರಿದು ಪುಡಿ ಮಾಡಿ ಮಜ್ಜಿಗೆಗೆ ಬೆರೆಸಿದರೆ ಹೊಟ್ಟೆ ಉಬ್ಬರ ಇಳಿಯುತ್ತದೆ, ಗಂಜಿಗೆ ಹಾಕಿದರೆ ಬಾಯಿಗೆ ರುಚಿ ಹತ್ತುತ್ತದೆ. ತಾಯಿ ಹೊಟ್ಟೆ ಸರಿ ಇದ್ದರೆ ಮಗುವಿನ ಹೊಟ್ಟೆಯೂ ಸರಿ. ನನಗೆ ಹಾಗೇ ಮಾಡಿದ್ದರು, ನಿಮ್ಮ ಸೊಸೆ ಅದರಿಂದಲೇ ಬೆಳೆದವಳು.

ಬಂದು ನಾನೇ ಮಾಡುತ್ತಿದ್ದೆ. ಹೊಸ ಮಾಲು ಬರುವ ಕಾಲ, ಮೇಸ್ತ್ರಿ ಯಾರನ್ನೂ ಬಿಡುತ್ತಿಲ್ಲ. ಏಪ್ರಿಲ್‌ನಲ್ಲಿ ಕೂಸನ್ನು ನೋಡಲು ಬಂದೇ ಬರುತ್ತೇನೆ. ಕುಡಿದಳೋ ಇಲ್ಲವೋ, ಎಷ್ಟು ಲೋಟ ಕುಡಿದಳು, ಬರೆಯಿರಿ.

ನಿಮ್ಮ ಸೊಸೆಯ ತಾಯಿ

*

ಮಾರ್ಚ್ 8, ಶನಿವಾರ

ಬೀಗಿತ್ತಿಯವರಿಗೆ,

ಪತ್ರವೂ ಪೊಟ್ಟಣವೂ ಮೊನ್ನೆ ಬಂದವು. ಕನಸು ಕಂಡವರು ನೀವು, ನೆಮ್ಮದಿ ಕೆಟ್ಟದ್ದು ನನಗೆ. ಕೂಸು ಮೊರದಲ್ಲಿಲ್ಲ, ತೊಟ್ಟಿಲಲ್ಲಿದೆ.

ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ದಿನಕ್ಕೆ ಇನ್ನೂರು ರೋಗಿಗಳಿಗೆ ಬೇಯಿಸಿ ಹಾಕುವವಳಿಗೆ ಜೀರಿಗೆ ಕುದಿಸುವುದು ಹೇಗೆಂದು ಬರೆದಿದ್ದೀರಿ. ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಯಿತು. ಬೇಳೆಗೆ ಎಣ್ಣೆ ಕಾದ ಮೇಲೆ ಜೀರಿಗೆ, ಅದು ಬಣ್ಣ ತಿರುಗಿದ ಮೇಲೆ ಈರುಳ್ಳಿ. ಆಲೂಗಡ್ಡೆಗೆ ತರಿತರಿಯಾಗಿ ಕುಟ್ಟಿ ಹಾಕಬೇಕು. ಮೊಸರಿಗೆ ಹುರಿದ ಪುಡಿ, ಅದೂ ಬಡಿಸುವ ಹೊತ್ತಿಗೆ. ಇದೆಲ್ಲ ನಾನು ನಿಮಗೆ ಹೇಳಿಕೊಡಬಲ್ಲೆ, ಆದರೆ ಕೇಳದವರಿಗೆ ಹೇಳುವ ಚಟ ನನಗಿಲ್ಲ.

ಜೀರಿಗೆ ನೀರಿನ ವಿಷಯ ನಮ್ಮ ಡಾಕ್ಟರಮ್ಮನನ್ನೂ ಕೇಳಿದೆ. “ಹಾಲು ಹೆಚ್ಚುತ್ತೋ ಇಲ್ವೋ ನಂಗೊತ್ತಿಲ್ಲಮ್ಮ, ಆ ನೆಪದಲ್ಲಿ ಬಾಣಂತಿ ನಾಲ್ಕು ಲೋಟ ನೀರಾದ್ರೂ ಕುಡೀತಾಳಲ್ಲ, ಕುಡಿಸಿ” ಅಂದರು. ನಾನು ಕೆಲಸಕ್ಕೆ ಹೋಗಿದ್ದಾಗ ನನ್ನ ಮಗ ನಿಮ್ಮ ಪೊಟ್ಟಣದ್ದನ್ನು ಕುದಿಸಿ ಕೊಟ್ಟಿದ್ದಾನೆ. ಸೊಸೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟವಳು ಮತ್ತೆ ಮುಟ್ಟಲಿಲ್ಲ. ನಾನು ಬಂದು ಉಳಿದದ್ದನ್ನು ಚೆಲ್ಲಿದೆ.

ಏಕೆ ಎಂದು ನಾನು ಬರೆಯಬೇಕಾಗಿಲ್ಲ. ಎಂಥ ಜೀರಿಗೆ ಕಳಿಸಿದ್ದೀರಿ ಎಂದು ನಿಮಗೇ ಗೊತ್ತು. ಕೂಸಿಗೆ ಸದ್ಯಕ್ಕೆ ಬಾಟಲಿ ಹಾಲೂ ಕೊಡುತ್ತಿದ್ದೇವೆ.

ನಿಮ್ಮ ಅಳಿಯನ ತಾಯಿ

*

ಮಾರ್ಚ್ 12, ಬುಧವಾರ

ಬೀಗಿತ್ತಿಯವರಿಗೆ,

ನನಗೇ ಗೊತ್ತು ಅಂದರೆ ಏನು ಅರ್ಥ? ನಾಲ್ಕು ಸಲ ಓದಿದೆ. ಬಾಟಲಿ ಹಾಲು ಅಂತಲೂ ಬರೆದಿದ್ದೀರಿ. ಬಾಟಲಿ ಕುದಿಸಿ ತೊಳೆಯುತ್ತೀರಾ, ರಬ್ಬರ್ ಬಾಯಿಯನ್ನೂ ಬೇರೆ ತೆಗೆದು ತೊಳೆಯುತ್ತೀರಾ?

ನನ್ನ ಜೀರಿಗೆ ಒಂದನೇ ನಂಬರ್ ಜೀರಿಗೆ. ಮಗಳು ಮೂರು ತಿಂಗಳ ಬಸುರಿ ಎಂದು ಹೇಳಿದ ದಿನವೇ ಅವಳ ಬಾಣಂತನಕ್ಕೆಂದು ಎತ್ತಿಟ್ಟದ್ದು. ಜರಡಿ ಹಿಡಿದು, ಕೇರಿ, ಆಮೇಲೆ ಬಿಳಿ ಬಟ್ಟೆಯ ಮೇಲೆ ಹರವಿ ಒಂದೊಂದೇ ಕಾಳು ನೋಡಿದ್ದೇನೆ. ಕಲ್ಲಿಲ್ಲ, ಕಡ್ಡಿಯಿಲ್ಲ, ಇಲಿ ಹಿಕ್ಕೆಯಿಲ್ಲ. ಹುಲ್ಲಿನ ಬೀಜಕ್ಕೆ ಬಣ್ಣ ಹಾಕಿ ಮಾರುವವರಿದ್ದಾರೆ, ಅಂಗೈಯಲ್ಲಿ ಉಜ್ಜಿದರೆ ಕಪ್ಪು ಹತ್ತುತ್ತದೆ. ನನ್ನದನ್ನು ಉಜ್ಜಿ ನೋಡಿ, ಹತ್ತಿದರೆ ನನ್ನ ಹೆಸರು ಎತ್ತಬೇಡಿ. ಹುಳ ಇರುವೆ ಸೋಕದಿರಲಿ ಎಂದು ಡಬ್ಬಿಯಲ್ಲೂ ಇಡದೆ, ಕೂಸಿಗೆ ಹೊಲಿದ ಹೊದಿಕೆಯ ಜೊತೆ ಟ್ರಂಕಿನಲ್ಲಿ ಬೀಗ ಹಾಕಿ ಇಟ್ಟಿದ್ದೆ. ಹತ್ತೊಂಬತ್ತು ವರ್ಷ ಈ ಕೆಲಸ ಮಾಡಿದವಳಿಗೆ ಎಂಥ ಜೀರಿಗೆ ಅನ್ನುತ್ತೀರಲ್ಲ.

ನಡೆದದ್ದೇನು ಎಂದು ನಾನು ಹೇಳುತ್ತೇನೆ. ನೀವು ಮೊದಲೇ ಹುರಿದಿಟ್ಟಿದ್ದಿರಿ, ಸೀಸಿದಿರಿ. ಇನ್ನೂರು ಜನರ ಅಡುಗೆ ಮಾಡುವವರ ಉರಿ ಯಾವಾಗಲೂ ದೊಡ್ಡದು. ಸೀದ ಜೀರಿಗೆ ವಿಷದ ಹಾಗೆ ಕಹಿ, ಮಗಳು ಕುಡಿಯುವುದು ಹೇಗೆ? ದಪ್ಪ ತಳದ ಬಾಣಲೆ, ಸಣ್ಣ ಉರಿ. ಕೈ ಬಿಡದೆ ಆಡಿಸುತ್ತಿರಬೇಕು. ಮೊದಲು ಸದ್ದಿರುವುದಿಲ್ಲ, ಆಮೇಲೆ ಚಿಟಚಿಟ ಅನ್ನುತ್ತದೆ. ಆ ಸದ್ದು ಸಣ್ಣಗಾಗುವ ಹೊತ್ತಿಗೆ ಬಣ್ಣ ಒಣಮಣ್ಣಿನ ಹಾಗೆ ತಿರುಗಿರುತ್ತದೆ. ಆಗಲೇ ತಟ್ಟೆಗೆ ಸುರಿಯಬೇಕು, ಬಾಣಲೆಯಲ್ಲೇ ಬಿಟ್ಟರೆ ಬಾಣಲೆಯ ಬಿಸಿಗೇ ಕೆಡುತ್ತದೆ.

ಅದೇ ಜೀರಿಗೆಯಲ್ಲಿ ಇನ್ನೊಂದು ಪೊಟ್ಟಣ ಕಳಿಸುತ್ತಿದ್ದೇನೆ. ಈ ಸಲ ಹುರಿಯಬೇಡಿ, ಹಸಿಯದನ್ನೇ ಕುದಿಸಿ. ಇಲ್ಲಿ ಶೆಡ್ಡಿನಲ್ಲೂ ನೆಮ್ಮದಿಯಿಲ್ಲ. ಚೀಲ ಬಿಚ್ಚಿದ ಕೂಡಲೇ ಹಳೆ ಮಾಲೋ ಹೊಸದೋ ಎಂದು ಒಬ್ಬೊಬ್ಬರೇ ಹೇಳಬೇಕು ಎಂದು ಮೇಸ್ತ್ರಿ ಹೊಸ ಕಾನೂನು ತಂದಿದ್ದಾನೆ. ಪಕ್ಕದಲ್ಲಿ ಕೂರುವ ಕನ್ನಡಕದವಳು ಇರುವುದರಿಂದ ಹೇಗೋ ನಡೆಯುತ್ತಿದೆ.

ನನ್ನ ಮಗಳಿಗೆ ನನ್ನ ಕೈಯದು ಸೇರಬಾರದು ಎಂದು ನೀವು ಹಟ ಹಿಡಿದಿದ್ದರೆ ಹಾಗೆಂದೇ ಬರೆಯಿರಿ. ಜೀರಿಗೆಯ ಮೇಲೆ ಹಾಕಬೇಡಿ.

ಅವಳ ತಾಯಿ

*

ಮಾರ್ಚ್ 18, ಮಂಗಳವಾರ

ಬೀಗಿತ್ತಿಯವರಿಗೆ,

ಎರಡನೆಯ ಪೊಟ್ಟಣವನ್ನು ಅಂಚೆಯವನ ಎದುರೇ ಬಿಚ್ಚಿದೆ. ಅವನೂ ಮೂಗು ಮುಚ್ಚಿಕೊಂಡ. ಅದನ್ನು ಹಾಗೇ ಕಟ್ಟಿ ಈ ಪತ್ರದ ಜೊತೆ ಹಿಂದಕ್ಕೆ ಕಳಿಸಿದ್ದೇನೆ.

ನೀವು ಏನೂ ತಿಳಿಯದವರ ಹಾಗೆ ಬರೆದಿದ್ದರಿಂದ ಬಿಡಿಸಿ ಹೇಳುತ್ತೇನೆ. ನಿಮ್ಮ ಜೀರಿಗೆ ನುಸಿಗುಳಿಗೆ ನಾರುತ್ತದೆ. ಬಟ್ಟೆಗೆ ಹಾಕುವ ಆ ಬಿಳಿ ಗುಳಿಗೆ. ಸ್ವಲ್ಪವಲ್ಲ, ಕಾಳು ಕಾಳಿಗೂ ಹೊಕ್ಕಿದೆ. ಮೊದಲನೆಯದೂ ಹಾಗೇ ಇತ್ತು, ಮಗನಿಗೆ ನೆಗಡಿಯಾಗಿ ಮೂಗು ಕಟ್ಟಿದ್ದರಿಂದ ತಿಳಿಯದೆ ಕುದಿಸಿದ್ದಾನೆ. ಅದನ್ನು ಆಸ್ಪತ್ರೆಗೆ ಒಯ್ದು ತೋರಿಸಿದಾಗ ನಮ್ಮ ಡಾಕ್ಟರಮ್ಮ ದೂರದಿಂದಲೇ, “ಎಸೀರಿ ಅದನ್ನ, ಮನೇಲಿ ಎಳೆಕೂಸಿದೆ” ಅಂದರು. ಹತ್ತೊಂಬತ್ತು ವರ್ಷ ಜೀರಿಗೆಯ ರಾಶಿಯಲ್ಲಿ ಕೂತವರಿಗೆ ಇದು ಗೊತ್ತಾಗಲಿಲ್ಲ ಎಂದರೆ ಯಾರು ನಂಬುತ್ತಾರೆ? ಒಂದು ಸಲ ಕಳಿಸಿದಾಗ ಜಿಪುಣತನ, ಹಾಳಾದದ್ದನ್ನು ಬೀಗರ ಮನೆಗೆ ಸಾಗಿಸಿದ್ದಾರೆ ಎಂದುಕೊಂಡೆ. ಎರಡನೆಯ ಸಲವೂ ಕಳಿಸಿದರೆ ಅದಕ್ಕೆ ಏನೆಂದು ಹೆಸರಿಡಲಿ? ನನ್ನ ಮೇಲಿನ ಸಿಟ್ಟನ್ನು ಬಾಣಂತಿಯ ಲೋಟಕ್ಕೆ ಹಾಕಿದಿರಾ?

ಇನ್ನೊಂದು ಮಾತು. ಆ ಗುಟುಕು ಕುಡಿದ ದಿನ ಸೊಸೆ, “ಅತ್ತೆ, ಅಮ್ಮನ ಜೀರಿಗೆ ಯಾಕೆ ಹೀಗಿದೆ?” ಎಂದು ಕೇಳಿದಳು. ಹೆತ್ತ ತಾಯಿ ಇಂಥದ್ದು ಕಳಿಸಿದಳು ಎಂದು ಹಸಿ ಬಾಣಂತಿಗೆ ಹೇಳಲೇ? “ಜೀರಿಗೆ ಚೆನ್ನಾಗೇ ಇತ್ತಮ್ಮ, ಬೆಳಿಗ್ಗೆ ನಾನೇ ಹುರಿದಿಟ್ಟು ಸೀಸಿಬಿಟ್ಟೆ, ಅವನು ಅದನ್ನೇ ಕುದಿಸಿದ್ದಾನೆ” ಅಂದೆ. ಇಪ್ಪತ್ತಾರು ವರ್ಷದಲ್ಲಿ ಒಂದು ಒಗ್ಗರಣೆ ಸೀಸಿದವಳಲ್ಲ ನಾನು. ನನ್ನ ಮಗ ಈಗ ಬಂದವರಿಗೆಲ್ಲ, “ನಮ್ಮಮ್ಮಂಗೆ ವಯಸ್ಸಾಯ್ತು, ಜೀರಿಗೆ ಸೀಯ್ಸ್ತಾಳೆ” ಎಂದು ನಗೆಯಾಡುತ್ತಾನೆ. ಅದನ್ನೂ ನುಂಗಿಕೊಂಡು ಕೂತಿದ್ದೇನೆ. ಅಷ್ಟರಲ್ಲಿ ನಿಮ್ಮ ಪತ್ರ ಬಂತು, ನಾನು ಸೀಸಿದೆ ಎಂದು, ಬಾಣಲೆಯ ಪಾಠದ ಸಮೇತ.

ಏಪ್ರಿಲ್‌ನಲ್ಲಿ ಬರುತ್ತೇನೆ ಅಂದಿದ್ದಿರಿ. ಬರಬೇಡಿ.

ಕೂಸಿನ ಅಜ್ಜಿ

*

ಮಾರ್ಚ್ 30, ಭಾನುವಾರ

ಬೀಗಿತ್ತಿಯವರಿಗೆ,

ಹನ್ನೆರಡು ದಿನವಾಯಿತು. ಉತ್ತರವಿಲ್ಲ. ಒಂದು ಮಾತಿಗೆ ನಾಲ್ಕು ಪುಟ ಬರೆಯುವವರು ಸುಮ್ಮನಿದ್ದರೆ ತಪ್ಪು ಒಪ್ಪಿಕೊಂಡ ಹಾಗೆಯೇ ಲೆಕ್ಕ.

ನಿಮ್ಮ ಮಗಳು ದಿನಾ ಕೇಳುತ್ತಾಳೆ, “ಅಮ್ಮ ಬರೆದ್ರಾ?” ಎಂದು. “ಅವರಿಗೆ ಕೆಲಸ ಜಾಸ್ತಿ” ಅನ್ನುತ್ತೇನೆ. ನಿಮಗಾಗಿ ಎಷ್ಟು ಸುಳ್ಳು ಹೇಳಬೇಕು ನಾನು? ಬೈಯುವುದಿದ್ದರೆ ಬೈದು ಬರೆಯಿರಿ. ಹುಷಾರಿಲ್ಲದಿದ್ದರೆ ಹಾಗೆಂದು ಯಾರ ಕೈಲಾದರೂ ಒಂದು ಸಾಲು ಬರೆಸಿ. ನಾನು ಕೇಳುತ್ತಿರುವುದು ಸೊಸೆಗೆ ಹೇಳಲು, ನನಗಲ್ಲ.

ನಿಮ್ಮ ಅಳಿಯನ ತಾಯಿ

*

ಏಪ್ರಿಲ್ 4, ಶುಕ್ರವಾರ

ಬೀಗಿತ್ತಿಯವರಿಗೆ,

ಹುಷಾರಾಗಿದ್ದೇನೆ ಎಂದು ಮಗಳಿಗೆ ಹೇಳಿ. ಇದು ಮಾತ್ರ ಅವಳಿಗೆ. ಉಳಿದದ್ದು ನಿಮಗೆ.

ನೀವು ಹಿಂದಿರುಗಿಸಿದ ಪೊಟ್ಟಣ ಇಪ್ಪತ್ತೆರಡನೇ ತಾರೀಕು ಬಂತು. ಬಿಚ್ಚಿ ಮೂಸಿದೆ. ಏನೂ ಇರಲಿಲ್ಲ. ಸುಳ್ಳು ಹೇಳುತ್ತಿದ್ದೀರಿ, ನನ್ನನ್ನು ಮಗಳಿಂದ ದೂರ ಮಾಡಲು ಡಾಕ್ಟರಮ್ಮನನ್ನೂ ಅಂಚೆಯವನನ್ನೂ ಸೇರಿಸಿ ಕತೆ ಕಟ್ಟಿದ್ದೀರಿ ಎಂದು ಶಪಿಸಿದೆ. ಆದರೆ ನನಗೆ ಏನೂ ಇಲ್ಲದಿರುವುದು ಹೊಸದಲ್ಲ. ಎರಡು ವರ್ಷದ ಹಿಂದೆ ಒಂದು ಜ್ವರ ಬಂತು. ಹೋಗುವಾಗ ಮೂಗನ್ನೂ ತೆಗೆದುಕೊಂಡು ಹೋಯಿತು. ಜೀರಿಗೆ, ಸೀಮೆಎಣ್ಣೆ, ಹೂವು, ಕೊಳೆತದ್ದು, ಎಲ್ಲ ಒಂದೇ. ಹಾಲು ಕೆಟ್ಟಿದೆಯೋ ಎಂದು ನಾಲಿಗೆಗೆ ಮುಟ್ಟಿಸಿ ನೋಡುತ್ತೇನೆ. ಒಗ್ಗರಣೆಯನ್ನು ಕಣ್ಣಲ್ಲಿ, ಕಿವಿಯಲ್ಲಿ ಮಾಡುತ್ತೇನೆ.

ಯಾರಿಗೂ ಹೇಳಿರಲಿಲ್ಲ. ಮಗಳಿಗೂ. ನಮ್ಮ ಕೆಲಸದಲ್ಲಿ ಕಣ್ಣು ಮಂದವಾದರೆ ಕನ್ನಡಕ ಇದೆ, ಮೂಗಿಗೆ ಏನಿದೆ? ಕನ್ನಡಕದವಳಿಗೆ ಮಾತ್ರ ಗೊತ್ತಿತ್ತು. ಚೀಲ ಬಿಚ್ಚಿದಾಗ ಹಲಗೆಯ ಕೆಳಗೆ ನನ್ನ ಕಾಲು ತುಳಿಯುತ್ತಿದ್ದಳು. ಒಂದು ಸಲ ತುಳಿದರೆ ಹೊಸ ಮಾಲು, ಎರಡು ಸಲ ತುಳಿದರೆ ಹಳೆಯದು. ಅವಳ ಕಣ್ಣಿಗೆ ಕಲ್ಲು ಕಾಣಿಸದಿದ್ದಾಗ ನಾನು ಆರಿಸಿ ಕೊಡುತ್ತಿದ್ದೆ. ಇಬ್ಬರೂ ಸೇರಿ ಒಬ್ಬರಾಗಿದ್ದೆವು.

ಪೊಟ್ಟಣವನ್ನು ಅವಳಿಗೇ ಕೊಂಡುಹೋಗಿ ತೋರಿಸಿದೆ. “ಅಯ್ಯೋ, ಇದೇನೇ, ಅಜ್ಜಿ ಟ್ರಂಕು ತೆಗೆದ ಹಾಗಿದೆಯಲ್ಲೇ” ಅಂದಳು. ಆಗ ನೆನಪಾಯಿತು. ಪ್ರತಿ ವರ್ಷದ ಹಾಗೆ ಟ್ರಂಕಿನ ನಾಲ್ಕೂ ಮೂಲೆಗೆ ಗುಳಿಗೆ ಹಾಕಿದ್ದೆ, ನನ್ನ ಕೈಯಾರೆ. ವಾಸನೆ ತಿಳಿಯದವಳಿಗೆ ವಾಸನೆ ಎನ್ನುವುದೊಂದು ಇದೆ ಎಂಬುದೇ ಮರೆತುಹೋಗುತ್ತದೆ. ಡಬ್ಬಿಗಿಂತ ಭದ್ರ ಎಂದು ಏಳು ತಿಂಗಳು ಜೀರಿಗೆಯನ್ನು ವಿಷದ ಪಕ್ಕ ಮಲಗಿಸಿದ್ದೇನೆ.

ಮೇಸ್ತ್ರಿ ಹಿಂದೆಯೇ ನಿಂತಿದ್ದ. “ನೀನು ಮೂಸಿದ್ರೆ ಆಗಲ್ವೇನಮ್ಮ, ಅವಳ್ಯಾಕೆ?” ಅಂದ. ಎರಡು ತಟ್ಟೆ ತಂದು ಎಲ್ಲರ ಎದುರು ಇಟ್ಟ. “ಹಳೇದು ಯಾವ್ದು ಹೇಳು.” ಕನ್ನಡಕದವಳು ಆಚೆ ಬದಿ ಇದ್ದಳು, ಅವಳ ಕಾಲು ಎಟುಕಲಿಲ್ಲ. ಎಡದ್ದು ಅಂದೆ. ನಕ್ಕವರೂ ಇದ್ದರು. ಅವತ್ತಿನಿಂದ ನನ್ನನ್ನು ಚೀಲದ ಬಾಯಿ ಹೊಲಿಯಲು ಹಾಕಿದ್ದಾರೆ. ಕೂತ ಜಾಗ ಬೇರೆ, ದಬ್ಬಳ ಹಿಡಿದ ಬೆರಳಿಗೆ ಗುಳ್ಳೆ ಬಂದಿದೆ. ಪತ್ರ ತಡವಾದದ್ದು ಅದಕ್ಕೆ, ಅದಕ್ಕಿಂತ ಹೆಚ್ಚಾಗಿ ನಾಚಿಕೆಗೆ.

ನೀವು ಸೀಸಿದಿರಿ ಎಂದು ನಾನು ಬರೆದದ್ದು ತಪ್ಪು. ಬಾಣಂತಿಯ ಲೋಟಕ್ಕೆ ಸಿಟ್ಟು ಹಾಕಿದಿರಾ ಎಂದು ನೀವು ಕೇಳಿದ್ದೂ ತಪ್ಪು. ಒಂದು ವಾಕ್ಯ ಮೊದಲನೇ ಪತ್ರದಲ್ಲೇ ಬರೆದಿದ್ದರೆ, ನುಸಿಗುಳಿಗೆ ನಾರುತ್ತದೆ ಎಂದು, ಎರಡನೆಯದನ್ನು ಕಳಿಸುತ್ತಿರಲಿಲ್ಲ. ನನಗೇ ಗೊತ್ತು ಎಂದಿರಿ. ನನಗೆ ಗೊತ್ತಿರಲಿಲ್ಲ.

ಮೂರನೆಯ ಪೊಟ್ಟಣ ಕಳಿಸುತ್ತಿದ್ದೇನೆ. ಹೊಸ ಮಾಲು, ಶೆಡ್ಡಿನಿಂದ ನೇರ ಅಂಚೆಗೆ, ಮನೆಗೇ ಒಯ್ದಿಲ್ಲ. ಕನ್ನಡಕದವಳು ಮೂಸಿದ್ದಾಳೆ, ಮೇಸ್ತ್ರಿಯ ಕೈಲೂ ಮೂಸಿಸಿದ್ದೇನೆ. ಆದರೂ ನೀವು ಮೂಸದೆ ಮಗಳಿಗೆ ಕೊಡಬೇಡಿ. ನಿಮ್ಮನ್ನು ಕಂಡರೆ ನನಗಾಗದು. ನಿಮ್ಮ ಮೂಗನ್ನು ನಂಬುತ್ತೇನೆ.

ನಿಮ್ಮ ಸೊಸೆಯ ತಾಯಿ

*

ಏಪ್ರಿಲ್ 9, ಬುಧವಾರ

ಬೀಗಿತ್ತಿಯವರಿಗೆ,

ಮೂಸಿದೆ. ಹಸಿಯದನ್ನು, ಅಂಗೈಯಲ್ಲಿ ಉಜ್ಜಿದ್ದನ್ನು, ಕುದಿಸಿದ್ದನ್ನು. ಸರಿಯಾಗಿದೆ. ಒಳ್ಳೆಯ ಜೀರಿಗೆ. ಇದಕ್ಕಿಂತ ಹೆಚ್ಚು ಹೊಗಳುವುದಿಲ್ಲ.

ನಿಮ್ಮ ಹಳೆಯ ಪತ್ರವನ್ನು ಮತ್ತೆ ಓದಿದೆ. ಹುರಿಯುವುದನ್ನು ಅಷ್ಟುದ್ದ ಬರೆದಿದ್ದೀರಿ. ಸದ್ದಿದೆ, ಬಣ್ಣವಿದೆ, ಘಮ ಎನ್ನುವ ಮಾತೇ ಇಲ್ಲ. ಜೀರಿಗೆ ಹುರಿದದ್ದು ಸಾಕೆಂದು ಹೇಳುವುದೇ ಘಮ. ಅಡುಗೆಯವಳಿಗೆ ಅದು ಅಂದೇ ಹೊಳೆಯಬೇಕಿತ್ತು. ಸಿಟ್ಟಿನಲ್ಲಿ ಓದಿದ್ದರಿಂದ ಹೊಳೆಯಲಿಲ್ಲ.

ಹಾಗೆಂದು ನನ್ನ ಮನಸ್ಸು ಕರಗಿದೆ ಎಂದುಕೊಳ್ಳಬೇಡಿ. ಒಂದು ಕೆಲಸ ಉಳಿಸಿಕೊಳ್ಳಲು ಎರಡು ವರ್ಷ ಮುಚ್ಚಿಟ್ಟಿರಿ, ಅದು ನಿಮ್ಮ ಪಾಡು. ಅದು ಎಳೆಕೂಸಿನ ತೊಟ್ಟಿಲವರೆಗೂ ಬಂತು. ಅದನ್ನು ಹೊಟ್ಟೆಗೆ ಹಾಕಿಕೊಳ್ಳುವಷ್ಟು ದೊಡ್ಡವಳು ನಾನಲ್ಲ. ಮತ್ತೆ, ನೀವೊಬ್ಬರೇ ಇರುವ ಮನೆಯಲ್ಲಿ ಗ್ಯಾಸ್ ಸೋರಿದರೆ ಯಾರು ಮೂಸುತ್ತಾರೆ? ಮಲಗುವ ಮುಂಚೆ ಸಿಲಿಂಡರಿನ ಕಿವಿ ತಿರುಗಿಸಿ ಮಲಗಿ. ಇಷ್ಟನ್ನು ಹೇಳಿಕೊಡಬೇಕು ನಿಮಗೆ.

ಸೊಸೆ ಎರಡು ಲೋಟ ಕುಡಿದಳು. “ಈಗ ಅಮ್ಮನ ಜೀರಿಗೆ ಥರ ಇದೆ” ಅಂದಳು. ಅದರಿಂದ ಹಾಲು ಬಂತೆಂದು ಬೀಗಬೇಡಿ. ಮಾರ್ಚ್ ಹದಿನಾಲ್ಕರ ಹೊತ್ತಿಗೇ ಹಾಲು ಸಾಕಷ್ಟಾಗಿತ್ತು, ಬಾಟಲಿ ಬಿಟ್ಟು ಮೂರು ವಾರ ದಾಟಿತು. ನಿಮಗೆ ಬರೆದಿರಲಿಲ್ಲ.

ನುಸಿಗುಳಿಗೆಯ ವಿಷಯ ಅವಳಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಸೀಸಿದವಳು ನಾನೇ ಎಂದಿರಲಿ. ನಿಜ ಹೇಳಬೇಕೆನಿಸಿದರೆ ನೀವೇ ಬಂದು ಹೇಳಿ. ಬರುವಾಗ ಟ್ರಂಕಿನ ಬಟ್ಟೆ ಉಟ್ಟು ಬಂದರೆ ಕೂಸನ್ನು ಕೈಗೆ ಕೊಡುವುದಿಲ್ಲ.

ನಿಮ್ಮ ಅಳಿಯನ ತಾಯಿ

*

ಏಪ್ರಿಲ್ 13, ಭಾನುವಾರ

ಬೀಗಿತ್ತಿಯವರಿಗೆ,

ಹಾಲು ಬಂದು ಒಂದು ತಿಂಗಳಾಗಿದೆ. ಆ ತಿಂಗಳೆಲ್ಲ ನಾನು ಉಂಡ ಅನ್ನ ಮೈಗೆ ಹತ್ತಲಿಲ್ಲ. ಮಾರ್ಚ್ ಹದಿನೆಂಟರ ಪತ್ರದಲ್ಲಿ ನನಗೆ ಅಷ್ಟೆಲ್ಲ ಬೈಯಲು ಜಾಗ ಇತ್ತು, ಹಾಲು ಬಂತು ಎಂದು ಬರೆಯಲು ಅರ್ಧ ಸಾಲು ಇರಲಿಲ್ಲ. ನಾನು ಮುಚ್ಚಿಟ್ಟದ್ದು ಹೆದರಿ. ನೀವು ಮುಚ್ಚಿಟ್ಟದ್ದು ಬೇಕೆಂದೇ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಅನ್ನುತ್ತಾರೆ. ನನ್ನ ಮೂಗಂತೂ ಮೊದಲೇ ಹೋಗಿದೆ, ಕೊಯ್ಯಲು ನಿಮಗೇನೂ ಉಳಿದಿಲ್ಲ.

ಇಪ್ಪತ್ತನೇ ತಾರೀಕು ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಟ್ರಂಕಿನ ಬಟ್ಟೆ ಒಂದನ್ನೂ ತರುವುದಿಲ್ಲ. ಕೂಸಿಗೆ ಹೊಲಿದ ಹೊದಿಕೆಯನ್ನು ಮೂರು ಸಲ ಒಗೆದು ಐದು ದಿನ ಬಿಸಿಲಿಗೆ ಹಾಕಿದೆ. ವಾಸನೆ ಹೋಯಿತೋ ಇಲ್ಲವೋ ನನಗೆ ಹೇಗೆ ತಿಳಿಯಬೇಕು. ಅದನ್ನು ಇಲ್ಲೇ ಬಿಟ್ಟೆ. ಉಡುವುದು ಹೊಸ ಬಟ್ಟೆ, ಅಂಗಡಿಯಿಂದ ತಂದು ಹಗ್ಗದ ಮೇಲೆಯೇ ಹರವಿದ್ದೇನೆ. ಮಗಳಿಗೆ ನಾನೇ ಹೇಳುತ್ತೇನೆ. ಸೀಸಿದವರು ನೀವಲ್ಲ ಎಂದು ನಿಮ್ಮ ಮಗನ ಎದುರೇ ಹೇಳುತ್ತೇನೆ. ನಿಮ್ಮ ಋಣ ನನಗೆ ಬೇಡ.

ಕೂಸನ್ನು ಎತ್ತಿಕೊಂಡಾಗ ನೆತ್ತಿ ಮೂಸುತ್ತೇನೆ. ಏನೂ ಸಿಗುವುದಿಲ್ಲ ಎಂದು ಗೊತ್ತು. ಎಲ್ಲ ಅಜ್ಜಿಯರೂ ಮೂಸುತ್ತಾರೆ, ನಾನೂ ಮೂಸುತ್ತೇನೆ. ಆ ಹೊತ್ತಿಗೆ ನೀವು ನನ್ನ ಮುಖ ನೋಡಬೇಡಿ.

ಗ್ಯಾಸಿನ ಕಿವಿ ತಿರುಗಿಸುತ್ತಿದ್ದೇನೆ.

ಇನ್ನೊಂದು. ಇದು ನಿನ್ನೆಯಿಂದ ತಲೆಯಲ್ಲಿ ಕೊರೆಯುತ್ತಿದೆ. ಮೂರನೆಯ ಪೊಟ್ಟಣ ಕಟ್ಟುವಾಗ ಚೀಲದ ಹುರಿ ದಪ್ಪವಾಯಿತು ಎಂದು ನನ್ನ ಕೈಚೀಲದಲ್ಲಿದ್ದ ಬಿಳಿ ದಾರದಲ್ಲಿ ಕಟ್ಟಿದೆ. ಆ ದಾರ ಶೆಡ್ಡಿನದೋ, ಹೊದಿಕೆ ಹೊಲಿದು ಉಳಿದು ಟ್ರಂಕಿನಲ್ಲಿದ್ದದ್ದೋ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಜೀರಿಗೆ ಸರಿಯಿದೆ ಎಂದು ಬರೆದಿದ್ದೀರಿ, ನಂಬಿದ್ದೇನೆ. ದಾರದ ಮಾತು ಬರೆದಿಲ್ಲ. ನೀವು ದಾರ ಬಿಸಾಡುವವರಲ್ಲ, ಅಡುಗೆಮನೆಯ ಮೊಳೆಗೆ ಸುತ್ತಿಟ್ಟಿರುತ್ತೀರಿ. ಮಗಳಿಗೆ ಮುಂದಿನ ಲೋಟ ಕೊಡುವ ಮೊದಲು ಆ ದಾರವನ್ನು ತೆಗೆದು, ಗಂಟಿನ ಹತ್ತಿರ, ಇನ್ನೊಂದು ಸಲ ಮೂಸಿ ನೋಡಿ.